ಹೊಗೆ ಹಾಕದ ಅಟ್ಟ

ಹೋದ ತಿಂಗಳು ಚಿಕ್ಕನಾಯಕನಹಳ್ಳಿ ಕಡೆ ನೆಂಟರ ಮನೆಗೆ ಹೋಗಿದ್ದೆ. ಬಸ್ಸಿಳಿದು ಓಣಿಯೊಳಗೆ ಕಾಲಿಡುತ್ತಲೇ ಕಾಯಿಮಟ್ಟೆಯ ಹೊಗೆ ಮೂಗಿಗೆ ಬಡಿಯಿತು. ಯಾರದೋ ಕೊಟ್ಟಿಗೆಯಲ್ಲಿ ಅಟ್ಟದ ಕೆಳಗೆ ಹೊಗೆ ಹಾಕಿದ್ದರು. ಜೊತೆಯಲ್ಲಿದ್ದ ನಾದಿನಿ, "ಎಂಥಾ ವಾಸ್ನೆ ಕಣತ್ಗೆ, ತವ್ರುಮನೆ ನೆನ್ಪಾಯ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಆ ವಾಸನೆಗೆ ಕಣ್ಣೀರು ಬರುವುದಿಲ್ಲ, ಸಿಟ್ಟು ಬರುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಹಳೆಯ ಸಿಟ್ಟು. ಯಾರ ಮೇಲೆ ಎಂದರೆ ಮೊದಲು ನನ್ನ ಮೇಲೆ, ಆಮೇಲೆ ಬೆಂಗಳೂರಿನ ಒಬ್ಬ ಮೇಷ್ಟರ ಮೇಲೆ.

ಅದನ್ನು ಬರೆದಿಡೋಣ ಎಂದು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಮೂರನೇ ಕ್ಲಾಸಿನವಳಿಗೆ ವಿಜ್ಞಾನದ ಮಾತು ಯಾಕೆ ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಒಂದು ಮಾತು: ಆ ವರ್ಷ ವಿಜ್ಞಾನ ಕೆಡಿಸಿದವಳು ನಾನೇ. ಕೆಡಿಸಿದವಳಿಗೆ ಹೇಳುವ ಹಕ್ಕಿಲ್ಲದಿದ್ದರೆ ಇನ್ಯಾರಿಗಿದೆ?

ನನ್ನ ಸೊಸೆ ವಿಮಲಾ ವಿಜ್ಞಾನಿ. ಅವಳ ಕೆಲಸ ಪ್ರೋಟೀನಿನ ಮೇಲೆ ಬೆಳಕು ಬಿಟ್ಟು ನೋಡುವುದು. "ಬೆಳ್ಕು ಬುಟ್ಟು ಏನ್ ನೋಡ್ತಳವ್ವ?" ಎಂದು ಊರವರು ಕೇಳಿ ಕೇಳಿ, ಉತ್ತರ ನನಗೇ ಬಾಯಿಪಾಠವಾಗಿಹೋಗಿದೆ. ಕಾಯಿಯ ಬಿಳಿಯಲ್ಲಿ ಎಣ್ಣೆಯ ಜೊತೆಗೆ ಪ್ರೋಟೀನು ಅಂತ ಒಂದಿರುತ್ತದೆ. ದಾರದ ಹಾಗೆ ಉದ್ದ, ಆದರೆ ದಾರದ ಹಾಗೆ ಸುಮ್ಮನೆ ಬಿದ್ದಿರುವುದಿಲ್ಲ. ಸೀರೆಗೆ ನೆರಿಗೆ ಹಿಡಿದ ಹಾಗೆ ಮಡಿಸಿಕೊಂಡಿರುತ್ತದೆ. ಕಾವು ತಗುಲಿದರೆ ನೆರಿಗೆ ಬಿಚ್ಚುತ್ತದೆ. ಗಿಣ್ಣುಹಾಲು ಕಾಯಿಸಿದರೆ ಗಟ್ಟಿಯಾಗುವುದಿಲ್ಲವೇ, ಅದೂ ಇದೇ. ಗಿಣ್ಣಿನದು ಕಣ್ಣಿಗೆ ಕಾಣುತ್ತದೆ, ಎಲ್ಲವೂ ಹಾಗೆ ಕಾಣುವುದಿಲ್ಲ. ಅದಕ್ಕೇ ಕಣ್ಣಿಗೆ ಕಾಣದ ಒಂದು ಬೆಳಕನ್ನು ಅದರ ಮೇಲೆ ಬಿಡುತ್ತಾರೆ. ಪ್ರೋಟೀನು ಆ ಬೆಳಕನ್ನು ಕುಡಿದು ಬೇರೆ ಬೆಳಕನ್ನು ಉಗುಳುತ್ತದೆ. ಉಗುಳಿದ್ದನ್ನು ಅಳೆದರೆ ನೆರಿಗೆ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಗೊತ್ತಾಗುತ್ತದೆ. ಇಷ್ಟೇ. ಇದನ್ನು ಹೇಳಲು ಅವಳ ಮೇಷ್ಟರು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದರು.

ಮಗ ನಾಗರಾಜ ಆಗ ತುರುವೇಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅವನಿಗೆ ಮೈಸೂರಿನ ಹೆಣ್ಣು ತಂದೆವು. ಹೆಣ್ಣಿನ ಕಡೆಯವರು ಕೇಳಿದ್ದು ಒಂದೇ: ಹುಡುಗಿ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ, ಮುಗಿಸಲು ಬಿಡಬೇಕು. ಅದಕ್ಕೇನಂತೆ ಎಂದು ತಲೆಯಾಡಿಸಿದೆ. ಒಳಗಿನ ಯೋಚನೆ ಬೇರೆಯಿತ್ತು. ತಾಳಿ ಬಿದ್ದ ಮೇಲೆ ಆರು ತಿಂಗಳು ರೈಲಿನಲ್ಲಿ ಓಡಾಡಿ ಸುಸ್ತಾಗಿ ತಾನೇ ಬಿಡುತ್ತಾಳೆ ಎಂದುಕೊಂಡಿದ್ದೆ. ಇದನ್ನು ಮುಚ್ಚಿಟ್ಟು ಒಳ್ಳೆಯ ಅತ್ತೆ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಅವಳು ಸುಸ್ತಾಗಲಿಲ್ಲ. ಶನಿವಾರ ಸಂಜೆ ತಿಪಟೂರಿನಲ್ಲಿ ಇಳಿಯುವಳು, ಅಲ್ಲಿಂದ ಬಸ್ಸು ಹಿಡಿದು ಶೆಟ್ಟಿಕೆರೆ ದಾಟಿ ನಮ್ಮೂರಿಗೆ. ಸೋಮವಾರ ಬೆಳಗ್ಗೆ ಎದ್ದು ಮತ್ತೆ ಅದೇ ದಾರಿ. "ಏನ್ ಪುಟ್ಟಗೌರಕ್ಕ, ನಿನ್ ಸೊಸೆ ವಾರಕ್ಕೊಂದ್ಸಲ ಬಂದೋಗೋ ನೆಂಟ್ರಂಗವ್ಳಲ್ಲ" ಎಂದು ಬಾವಿಕಟ್ಟೆಯಲ್ಲಿ ಯಾರಾದರೂ ಅಂದರೆ, "ನಿನ್ ಸೊಸೆ ವಾರವೆಲ್ಲಾ ಮನೇಲೇ ಅವ್ಳಲ್ಲ, ಏನ್ ಉದ್ಧಾರ ಆಯ್ತು ಹೇಳು" ಎನ್ನುತ್ತಿದ್ದೆ. ಬೀದಿಯಲ್ಲಿ ಅವಳ ಪರ, ಮನೆಯೊಳಗೆ ಅವಳ ಮೇಲೆ ಮುನಿಸು. ಹೀಗೆ ನಡೆಯುತ್ತಿತ್ತು.

ನಮ್ಮ ಕಡೆ ಕೊಬ್ಬರಿ ಅಂದರೆ ಉಂಡೆಕೊಬ್ಬರಿ. ಬಲಿತ ಕಾಯಿಯನ್ನು ಒಡೆದು ಬಿಸಿಲಿಗೆ ಹಾಕುವವರಲ್ಲ ನಾವು. ಮಟ್ಟೆ ಸಮೇತ ಕೊಟ್ಟಿಗೆಯ ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಬಿಳಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಎನ್ನಬೇಕು. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ವಿಮಲಾ ನನ್ನ ಜೊತೆ ಅಟ್ಟ ಹತ್ತಿ ಕೂತಿದ್ದಳು.

"ಅತ್ತೆ, ಈ ಒಂದು ವರ್ಷ ಕಾಯೊಳಗೆ ಏನಾಗುತ್ತೆ?"

"ಏನಾಯ್ತದೆ? ನೀರು ಇಂಗ್ತದೆ, ಕೊಬ್ರಿ ಆಯ್ತದೆ."

"ಅದು ಸರಿ. ಪ್ರೋಟೀನಿಗೆ ಏನಾಗುತ್ತೆ?"

"ಅದ್ನ ಯಾರ್ ಕಂಡವ್ರೆ?"

"ಯಾರೂ ಕಂಡಿಲ್ಲ" ಎಂದು ನನ್ನ ಮುಖ ನೋಡಿದಳು. ಅವಳಿಗೆ ಏನೋ ಸಿಕ್ಕಿಹೋಗಿತ್ತು.

ಅವಳ ಮೇಷ್ಟರು ಮೊದಲು ಬೇಡವೆಂದರಂತೆ. ತೆಂಗು ಅಂದರೆ ಎಣ್ಣೆ, ಅದರ ಪ್ರೋಟೀನು ಯಾರಿಗೆ ಬೇಕು ಎಂದರಂತೆ. ಇವಳು ಜಗ್ಗಲಿಲ್ಲ. ಆ ಕಾರ್ತಿಕದಲ್ಲಿ ಕಿತ್ತ ಕಾಯಲ್ಲಿ ಒಂದಷ್ಟನ್ನು ಆರಿಸಿ, ಸುಣ್ಣದ ಬೊಟ್ಟಿಟ್ಟು, ಅಟ್ಟದ ಒಂದು ಮೂಲೆಗೆ ಹಾಕಿಸಿದಳು. ತಿಂಗಳಿಗೆ ಹತ್ತು ಕಾಯಿ ಬೆಂಗಳೂರಿಗೆ ಹೋಗಬೇಕು. ಅವಳು ಬಾರದ ವಾರ ನಾಗರಾಜ ಒಯ್ದುಕೊಟ್ಟು ಬರಬೇಕು. ಅಟ್ಟದ ತೊಲೆಗೆ ಒಂದು ಥರ್ಮಾಮೀಟರು ನೇತುಹಾಕಿ ನನ್ನ ಕೈಗೊಂದು ನೋಟುಪುಸ್ತಕ ಕೊಟ್ಟಳು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಅದರ ಅಂಕಿ ನೋಡಿ ಬರೆಯಬೇಕು. ಒಂದು ದಿನವೂ ತಪ್ಪಿಸಲಿಲ್ಲ ನಾನು. ಚಳಿಜ್ವರ ಬಂದು ಮಲಗಿದ್ದಾಗಲೂ ನಾಗರಾಜನಿಂದ ಓದಿಸಿ ನಾನೇ ಬರೆದೆ. ಕೆಲಸ ಒಪ್ಪಿಕೊಂಡ ಮೇಲೆ ಮುನಿಸು ಬೇರೆ, ಕೆಲಸ ಬೇರೆ.

ಆಷಾಢದ ಕೊನೆಗೆ ಮಳೆ ಹಿಡಿಯಿತು. ನಮ್ಮದು ಒಣ ಸೀಮೆ, ಮಳೆ ಬಂದರೆ ಸಂತೋಷಪಡುವವರು. ಆ ವರ್ಷ ಪುನರ್ವಸು ಹಿಡಿದದ್ದು ಪುಷ್ಯ ಮುಗಿದರೂ ಬಿಡಲಿಲ್ಲ. ಧೋ ಎಂದು ಸುರಿದು ನಿಲ್ಲುವ ಮಳೆಯಲ್ಲ, ಜಿಟಿಜಿಟಿ ಜಡಿ. ಗೋಡೆ ಬೆವರಿತು, ಹಾಸಿಗೆ ತಣ್ಣಗಾಯಿತು, ಅಟ್ಟ ಹತ್ತಿ ಕೈಯಾಡಿಸಿದರೆ ಮಟ್ಟೆ ಒದ್ದೆ. ಹೀಗೆ ಬಿಟ್ಟರೆ ಕಾಯಿ ಒಳಗೇ ಕೊಳೆತು ಕೌಟಾಗುತ್ತದೆ; ಕೌಟಾದ ಕೊಬ್ಬರಿಯ ಗಬ್ಬಿಗೆ ನಾಯಿಯೂ ಮೂಸುವುದಿಲ್ಲ. ಅದಕ್ಕೇ ಅಂಥ ಮಳೆಯಲ್ಲಿ ನಾವು ಅಟ್ಟದ ಕೆಳಗೆ ಮಟ್ಟೆ ಗುಡ್ಡೆ ಹಾಕಿ, ಉರಿ ಏಳದ ಹಾಗೆ ಹೊಗೆ ಮಾಡುತ್ತೇವೆ. ನಮ್ಮತ್ತೆ ಮಾಡುತ್ತಿದ್ದರು, ಅವರತ್ತೆ ಮಾಡುತ್ತಿದ್ದರು. ನಾನೂ ಮಾಡಿದೆ. ಇಪ್ಪತ್ತು ದಿನ ಆ ಹೊಗೆ ಆರಲು ಬಿಡಲಿಲ್ಲ.

ಹೊಗೆ ಹಾಕುವ ಮುಂಚೆ ಒಂದು ಜಾಣತನ ಮಾಡಿದೆ. ತೊಲೆಯಲ್ಲಿದ್ದ ಥರ್ಮಾಮೀಟರನ್ನು ಬಿಚ್ಚಿ ತಂದು ನಡುಮನೆಯಲ್ಲಿ ದೇವರ ಗೂಡಿನ ಪಕ್ಕದ ಮೊಳೆಗೆ ಹಾಕಿದೆ. ಗಾಜಿನ ಸಾಮಾನು, ಬೇರೆಯವರದು, ಮಸಿ ಹಿಡಿದರೆ ಅವಳ ಮೇಷ್ಟರು ಅವಳನ್ನು ಬಯ್ಯುತ್ತಾರೆ ಎಂದು. ಬೆಳಗ್ಗೆ ದೀಪ ಹಚ್ಚುವಾಗ ಒಂದು ಸಲ, ಸಂಜೆ ದೀಪ ಹಚ್ಚುವಾಗ ಒಂದು ಸಲ ಅಂಕಿ ನೋಡಿ ಬರೆದೆ. ಅಟ್ಟ ಹತ್ತುವ ಕಷ್ಟವೂ ತಪ್ಪಿತು. ಮಳೆ ಬಿಟ್ಟ ಮೇಲೆ ಒರೆಸಿ ಮತ್ತೆ ತೊಲೆಗೆ ಹಾಕಿದೆ. ಬೆಳಕು ಬಿಡುವ ಯಂತ್ರದ ಸರದಿ ಶನಿವಾರ ಭಾನುವಾರಕ್ಕೇ ಸಿಕ್ಕಿತ್ತೆಂದು ವಿಮಲಾ ಆ ಮೂರು ವಾರವೂ ಊರಿಗೆ ಬಂದಿರಲಿಲ್ಲ. ಆಮೇಲೆ ಬಂದಾಗ ಅವಳಿಗೆ ತಿಳಿಯುವ ಹಾಗೂ ಇರಲಿಲ್ಲ. ನಮ್ಮ ಕೊಟ್ಟಿಗೆಯ ತೊಲೆಗಳು ನಾನು ಮದುವೆಯಾಗಿ ಬಂದಾಗಲೇ ಕಪ್ಪಾಗಿದ್ದವು; ಬೆಂಗಳೂರಿಗೆ ಹೋಗುವ ಕಾಯಿಯ ಮಟ್ಟೆಯನ್ನು ಇಲ್ಲೇ ಸುಲಿದು ಕಳಿಸುತ್ತಿದ್ದೆವು.

ಭಾದ್ರಪದದಲ್ಲಿ ಒಂದು ಶನಿವಾರ ಕುಣಿಯುವ ಹೆಜ್ಜೆಯಲ್ಲಿ ಮನೆಗೆ ಬಂದಳು. ಎಂಟನೇ ತಿಂಗಳವರೆಗೂ ಅಲ್ಲಾಡದೆ ಇದ್ದ ನೆರಿಗೆ, ಒಂಬತ್ತಕ್ಕೆ ಇದ್ದಕ್ಕಿದ್ದಂತೆ ಸಡಿಲವಾಗಿದೆಯಂತೆ. ಹೊರಗಿನ ಕಾವು ಬದಲಾಗಿಲ್ಲ, ನನ್ನ ಪುಸ್ತಕವೇ ಸಾಕ್ಷಿ. ಅಂದರೆ ಕಾಯಿ ತಾನಾಗಿ, ತನ್ನ ಕಾಲ ನೋಡಿಕೊಂಡು, ನೆರಿಗೆ ಬಿಚ್ಚುತ್ತಿದೆ. ಬೇಡವೆಂದಿದ್ದ ಮೇಷ್ಟರೇ ಈಗ ಬೆನ್ನು ತಟ್ಟಿದರಂತೆ. ಇಬ್ಬರೂ ಸೇರಿ ಲೇಖನ ಬರೆದು ಹೊರದೇಶದ ಪತ್ರಿಕೆಗೆ ಕಳಿಸಿಯೂ ಆಗಿತ್ತು. ಡಿಸೆಂಬರಿನಲ್ಲಿ ದೊಡ್ಡ ಸಭೆಯೊಂದರಲ್ಲಿ ಮೇಷ್ಟರು ಅದರ ಮೇಲೆ ಮಾತಾಡುವವರಿದ್ದರು. ನಾನು ಅಂದು ಒಬ್ಬಟ್ಟು ಮಾಡಿದೆ. ನಿಜ ಹೇಳಿದರೆ ನನಗೂ ಹೆಮ್ಮೆಯಾಗಿತ್ತು. ನನ್ನ ಅಟ್ಟ, ನನ್ನ ಕಾಯಿ, ನನ್ನ ಅಂಕಿ.

ದಸರೆ ಕಳೆದ ಮೇಲೆ ಒಂದು ಭಾನುವಾರ ಹಜಾರದಲ್ಲಿ ನೋಟುಪುಸ್ತಕ ಹರಡಿಕೊಂಡು ಕೂತಿದ್ದಳು. ನಾನು ಸೊಪ್ಪು ಬಿಡಿಸುತ್ತಿದ್ದೆ.

"ಅತ್ತೆ, ಎಷ್ಟು ಚೆನ್ನಾಗಿ ಬರೆದಿದೀರ. ಅಷ್ಟು ಮಳೇಲೂ ಅಟ್ಟದ ಕಾವು ಒಂದಿಷ್ಟೂ ಏರಿಲ್ಲ, ಇಳಿದಿಲ್ಲ."

"ಎಂಗ್ ಏರ್ತದೆ? ದೇವ್ರ ಗೂಡಿನ್ ಪಕ್ಕ ಇತ್ತಲ್ಲ."

"ಏನು?"

"ಅದೇ ಕಣೇ, ನಿನ್ ಥರ್ಮಾಮೀಟ್ರು. ಹೊಗೆ ಹಾಕಿದ್ನಲ್ಲ, ಮಸಿ ಹಿಡೀತದೆ ಅಂತ ಬಿಚ್ತಂದು ಒಳಗಿಟ್ಟಿದ್ದೆ."

"ಹೊಗೆ..." ಎಂದಳು. ಆಮೇಲೆ ಬಹಳ ಮೆಲ್ಲಗೆ, "ಅಟ್ಟದ ಕೆಳಗೆ ಬೆಂಕಿ ಇತ್ತಾ ಅತ್ತೆ? ಎಷ್ಟು ದಿನ?"

ಹೇಳಿದೆ. ಅವಳು ನೋಟುಪುಸ್ತಕದಲ್ಲಿ ಆ ಇಪ್ಪತ್ತು ದಿನಗಳನ್ನು ಬೆರಳಿಟ್ಟು ಎಣಿಸಿದಳು. ಕಾಯೊಳಗೆ ಇನ್ನೂ ನೀರಿತ್ತು. ಆ ನೀರು ಇಪ್ಪತ್ತು ದಿನ ಬೆಚ್ಚಗೆ ಕೂತರೆ ನೆರಿಗೆ ಯಾಕೆ ಬಿಚ್ಚುವುದಿಲ್ಲ? ಕಾಲ ನೋಡಿಕೊಂಡು ಬಿಚ್ಚಿದ್ದಲ್ಲ, ನಾನು ಬಿಚ್ಚಿಸಿದ್ದು. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನಗೂ ತಿರುಗಿ ಬಯ್ಯಲು ಆಗುತ್ತಿತ್ತು.

"ಹೊಗೆ ಹಾಕ್‌ಬ್ಯಾಡಿ ಅಂತ ನೀನು ಮದ್ಲೇ ಹೇಳ್ಬೇಕಿತ್ತು" ಎಂದೆ.

"ಹೊಗೆ ಹಾಕ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ ಅತ್ತೆ."

ಅದೂ ನಿಜ. ಮಳೆ ಹಿಡಿದರೆ ಹೊಗೆ ಹಾಕುವುದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಮೈಸೂರಿನಲ್ಲಿ ಬೆಳೆದವಳು ಕೇಳುವುದಾದರೂ ಏನೆಂದು?

ಸೋಮವಾರ ಹೋಗಿ ಮೇಷ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಬುಧವಾರ ಮಧ್ಯಾಹ್ನ ಶೆಟ್ಟಿಕೆರೆಯ ಟೈಲರ್ ಸಾಹೇಬರು, ಅವರ ಅಂಗಡಿಯಲ್ಲೇ ಎಸ್‌ಟಿಡಿ ಫೋನು ಇದ್ದದ್ದು, ಹೇಳಿಕಳಿಸಿದರು. ಹೋದೆ. ಅಳತೆ ಕೊಡಲು ಬಂದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು.

"ಅತ್ತೆ, ನಾನು ಮನೆಗೆ ಬಂದ್‌ಬಿಡ್ತೀನಿ."

"ಯಾಕೆ? ಏನಂದ್ರು?"

"ಲೇಖನ ಹೋಗಿಯಾಗಿದೆ, ನಿಮ್ಮ ಮನೆ ಕೊಟ್ಟಿಗೇಲಿ ಏನಾಯ್ತು ಅಂತ ಯಾರು ನೋಡ್ತಾರೆ ಅಂದ್ರು. ಸಾಂಪ್ರದಾಯಿಕವಾಗಿ ಸಂಗ್ರಹಿಸಿದ ಕಾಯಿ ಅಂತ ಬರೆದಿದೀವಿ, ಅದು ಸುಳ್ಳಲ್ಲವಲ್ಲ ಅಂದ್ರು. ನಾನು ಆಗಲ್ಲ ಅಂದೆ. ಹಾಗಾದ್ರೆ ಹೊಸದಾಗಿ ಶುರು ಮಾಡೋಕೆ ನಿನಗೆ ಟೈಮಿಲ್ಲ, ಯಂತ್ರದ ಸರದೀನೂ ಇಲ್ಲ, ಯೋಚನೆ ಮಾಡು ಅಂದ್ರು. ಮಾಡಿದೆ. ಬರ್ತೀನಿ."

ಗುರುವಾರ ಚೀಲ ಹಿಡಿದು ಬಂದಳು. ನಾಗರಾಜ ಚೀಲ ಒಳಗಿಟ್ಟ. ಅವನಿಗೆ ಲೆಕ್ಕ ಬರುತ್ತದೆ, ಮಾತು ಬರುವುದಿಲ್ಲ. ಮೈದುನ ಬಸವರಾಜು, ನನ್ನ ಯಜಮಾನರ ತಮ್ಮ, ಪಕ್ಕದ ಮನೆಯಿಂದ ಎಲೆಯಡಿಕೆ ಜಗಿಯುತ್ತಾ ಬಂದ. "ಸಾಕು ಬುಡವ್ವ ಓದಿದ್ದು. ಇನ್ನಾರೂ ಮನೆ ಮಠ ನೋಡ್ಕಂಡಿರು. ನಮ್ಮತ್ಗೇಗೂ ವಯ್ಸಾಯ್ತು."

ಎರಡು ವರ್ಷದಿಂದ ನಾನು ಒಳಗೊಳಗೆ ಬೇಡಿಕೊಂಡಿದ್ದು ಇದನ್ನೇ. ಸೊಸೆ ಮನೆಯಲ್ಲಿರಬೇಕು. ಈಗ ಅವಳು ಒಲೆಯ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಾಳೆ, ಕಣ್ಣು ಮಾತ್ರ ಎಲ್ಲೋ ಇದೆ. ಶುಕ್ರವಾರವೆಲ್ಲ ನೋಡಿದೆ. ಮೈ ಉರಿಯಿತು. ತಪ್ಪು ಮಾಡಿದ್ದು ನಾನು. ನಿಜ ಹೇಳಿದ್ದು ಅವಳು. ಶಿಕ್ಷೆ ನಿಜ ಹೇಳಿದವಳಿಗಾ? ಇದ್ಯಾವ ಮೇಷ್ಟರ ನ್ಯಾಯ? ಶನಿವಾರ ಬೆಳಗ್ಗೆ ಮೈದುನನ ಮನೆಗೆ ಹೋದೆ.

"ಬಸ್ವರಾಜು," ಎಂದೆ, "ನಿನ್ ಪಂಪುಮನೇಲಿರೋ ಕಾಯ್ಗೆ ಈ ಸಲ ಹೊಗೆ ಹಾಕಿದ್ಯಾ?"

"ಎಲ್ಲಿ ಹಾಕ್ದೆ ಅತ್ಗೆ, ನಾಳೆ ನಾಳೆ ಅಂತ ಹಂಗೇ ಹೋಯ್ತು. ಅರ್ಧಕ್ಕರ್ಧ ಕೌಟು."

"ಕೌಟಾಗ್ದೆ ಇರೋದ್ರಲ್ಲಿ ನಾಕು ಕೊಡು."

ಅವನದೂ ಅದೇ ತೋಟದ, ಅದೇ ಕಾರ್ತಿಕದಲ್ಲಿ ಕಿತ್ತ ಕಾಯಿ. ಭಾಗವಾದಾಗ ಅವನ ಪಾಲಿಗೆ ಹೋದದ್ದು. ಸೋಮಾರಿತನದಿಂದ ಹೊಗೆ ಹಾಕಿರಲಿಲ್ಲ. ವಿಜ್ಞಾನಕ್ಕೆ ನನ್ನ ಮೈದುನನಿಂದ ಆದ ಉಪಕಾರ ಅದೊಂದೇ. ನಮ್ಮ ಅಟ್ಟದಿಂದ ಆರು ಇಳಿಸಿದೆ. ಹತ್ತನ್ನೂ ನಾನೇ ಸುಲಿದು, ಹೊಗೆಯ ಕುರುಹು ಉಳಿಯದ ಹಾಗೆ ಚಿಪ್ಪನ್ನು ಬೂದಿ ಹಾಕಿ ತಿಕ್ಕಿ ತೊಳೆದೆ. ಒಂದೊಂದಕ್ಕೂ ಒಂದೊಂದು ಅಂಕಿ ಬರೆದು ಚೀಲಕ್ಕೆ ಹಾಕಿದೆ. ಹೊಸ ದಲಾಲಿ ಬಂದರೆ ನಮ್ಮ ಯಜಮಾನರು ಹೀಗೇ ಮಾಡುತ್ತಿದ್ದರು. ಒಳ್ಳೆಯದರ ನಡುವೆ ಎರಡು ಕೌಟು ಸೇರಿಸಿ ಮುಂದಿಡುವರು. ಅಲ್ಲಾಡಿಸಿ, ಹುಡುಕಿ ಎತ್ತಿದರೆ ಅವನ ಕಿವಿ ನಂಬಬಹುದು. ಎತ್ತದಿದ್ದರೆ ದಾರಿ ನೋಡಿಕೊ ಎನ್ನುವರು.

"ಬೇಡ ಅತ್ತೆ, ಅವರು ನಿಮ್ಮನ್ನ ಅವಮಾನ ಮಾಡ್ತಾರೆ" ಎಂದಳು ವಿಮಲಾ.

"ಮಾಡ್ಲಿ. ನಂಗೆ ಗಂಡನ ಮನೇಲಿ ಆಗಿರೋ ಅವಮಾನಕ್ಕಿಂತ ಜಾಸ್ತಿ ಏನ್ ಮಾಡಾನು ಅವ್ನು. ಸೀರೆ ಉಟ್ಕೋ, ನಡಿ."

ಸೋಮವಾರ ಇಬ್ಬರೂ ಹೋದೆವು. ಅವಳ ಸಂಶೋಧನಾಲಯ ಉದ್ದುದ್ದ ಹಜಾರಗಳ ಕಟ್ಟಡ. ಯಾವ ಬಾಗಿಲು ತೆರೆದರೂ ಆಸ್ಪತ್ರೆಯ ವಾಸನೆ. ಮೇಷ್ಟರು ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಕುರ್ಚಿ ಎಳೆದು ಕೂರಿಸಿದರು, ಕಾಫಿ ತರಿಸಿದರು.

"ನೋಡಿ ಅಮ್ಮ, ನಿಮ್ಮ ಸೊಸೆ ಬುದ್ಧಿವಂತೆ. ಆದರೆ ಹಟ. ಒಂದಿಷ್ಟು ಹೊಗೆಯಿಂದ ಇಷ್ಟೆಲ್ಲ ಆಗಲ್ಲ. ಇದು ವಿಜ್ಞಾನ, ನಿಮಗೆ ಅರ್ಥವಾಗೋದು ಕಷ್ಟ."

"ವಿಜ್ಞಾನ ನಂಗೆ ಅರ್ಥ ಆಗಲ್ಲ ಬುಡಿ ಸ್ವಾಮಿ. ಹೊಗೆ ಅರ್ಥ ಆಯ್ತದೆ. ನಿಮ್ಗೆ ಹೊಗೆ ಅರ್ಥ ಆಯ್ತದಾ?"

ಚೀಲ ಮೇಜಿನ ಮೇಲಿಟ್ಟೆ.

"ಹತ್ತು ಕಾಯವೆ. ಕೆಲವಕ್ಕೆ ಹೊಗೆ ತಾಗೈತೆ, ಕೆಲವಕ್ಕಿಲ್ಲ. ಯಾವ್ದ್ಯಾವ್ದು ಅಂತ ಈ ಚೀಟೀಲಿ ಬರ್ದೀನಿ. ಇವ್ಳಿಗೂ ಗೊತ್ತಿಲ್ಲ. ಚೀಟಿ ನೀವೇ ಇಟ್ಕಳಿ. ಇವ್ಳು ನಿಮ್ ಬೆಳ್ಕು ಬುಟ್ಟು ನೋಡಿ ಹೇಳ್ಲಿ. ಹೇಳಾಕಾಗ್ದಿದ್ರೆ ಹೊಗೇದೇನೂ ತಪ್ಪಿಲ್ಲ ಅಂತಾಯ್ತು, ನಿಮ್ ಲೇಖ್ನ ನಿಮ್ಗಿರ್ಲಿ. ಹೇಳಿದ್ರೆ ಅದ್ನ ವಾಪಸ್ ತರ್ಸಿ."

"ಯಂತ್ರಕ್ಕೆ ಬೇರೆಯವರ ಸರದಿ ಇದೆಯಮ್ಮ."

"ನಾನು ಕಾಯ್ತೀನಿ. ನಮ್ ಕಡೆ ಒಂದು ಕೊಬ್ರಿಗೆ ವರ್ಷ ಕಾಯ್ತೀವಿ."

ಬಾಗಿಲಲ್ಲಿ ನಿಂತಿದ್ದ ಇಬ್ಬರು ಹುಡುಗಿಯರು, ಅವರೂ ಅಲ್ಲಿಯ ವಿದ್ಯಾರ್ಥಿಗಳು, ತಮ್ಮ ಸರದಿ ಬಿಟ್ಟುಕೊಡುತ್ತೇವೆ ಎಂದರು. ಮೇಷ್ಟರು ಅವರನ್ನು ನೋಡಿದ ನೋಟ ನೆನೆದರೆ ಇವತ್ತಿಗೂ ನಗು ಬರುತ್ತದೆ.

ಮೂರು ದಿನ ವಿಮಲಾಳ ಹಾಸ್ಟೆಲಿನಲ್ಲಿದ್ದೆ. ಹಗಲು ಅವಳ ಪಕ್ಕ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಕಾಯಿಯನ್ನು ನಾವು ಚಟ್ನಿಗೆ ತುರಿದು ರುಬ್ಬುವ ಹಾಗೇ ರುಬ್ಬಿದಳು, ಆದರೆ ಮಂಜುಗಡ್ಡೆಯ ಮೇಲಿಟ್ಟು. ಎಣ್ಣೆ ತೆಗೆದಳು, ಉಪ್ಪುನೀರಿನಲ್ಲಿ ಕದಡಿದಳು, ಗಿರಗಿರ ತಿರುಗುವ ಯಂತ್ರಕ್ಕೆ ಹಾಕಿ ತಿಳಿ ಬಸಿದಳು. ಕೊನೆಗೆ ಉಳಿದದ್ದು ಬೆರಳುದ್ದದ ಗಾಜಿನ ಡಬ್ಬಿಯಲ್ಲಿ ನೀರಿನ ಹಾಗಿರುವ ಒಂದಿಷ್ಟು. ಅದನ್ನು ಕತ್ತಲೆ ಕೋಣೆಯ ಯಂತ್ರದೊಳಗಿಟ್ಟು ಮುಚ್ಚಳ ಹಾಕಿದರೆ, ಪಕ್ಕದಲ್ಲಿ ಒಂದು ಪೆನ್ನು ತಾನೇ ಕಾಗದದ ಮೇಲೆ ಗುಡ್ಡ ಬರೆಯುತ್ತದೆ. ಗುಡ್ಡದ ತುದಿ ಒಂದಿಷ್ಟು ಬಲಕ್ಕೆ ವಾಲಿದರೆ ನೆರಿಗೆ ಸಡಿಲ. ಎರಡನೇ ದಿನಕ್ಕೆ ನನಗೂ ಕಣ್ಣು ಕೂತಿತು. ಆದರೆ ಬಾಯಿ ಬಿಡಲಿಲ್ಲ; ಅವಳೂ ನನ್ನ ಮುಖ ನೋಡಲಿಲ್ಲ. ಇಬ್ಬರೂ ಕಳ್ಳರ ಹಾಗೆ ಕೂತಿದ್ದೆವು. ಅವಳು ಕೆಲಸ ಮಾಡುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಮ್ಮಿಯಿಲ್ಲ. ನನ್ನ ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಹಾಕುವ ಹುಡುಗಿ ಇವಳೇನಾ ಅನ್ನಿಸಿತು. ಇವಳನ್ನು ಒಲೆ ಮುಂದೆ ಕೂರಿಸಲು ಎರಡು ವರ್ಷ ಕಾದಿದ್ದೆನಲ್ಲ ಎಂದು ನಾಚಿಕೆಯಾಯಿತು. ಹಾಗೆಂದು ಅವಳಿಗೆ ಹೇಳಲಿಲ್ಲ. ಈಗ ಓದಿಕೊಳ್ಳಲಿ.

ಗುರುವಾರ ಮೇಷ್ಟರು ಚೀಟಿ ಬಿಚ್ಚಿದರು. ವಿಮಲಾ ಓದುತ್ತಾ ಹೋದಳು, ಅವರು ಗುರುತು ಹಾಕುತ್ತಾ ಹೋದರು. ಹತ್ತರಲ್ಲಿ ಒಂಬತ್ತು ಸರಿ. ತಪ್ಪಿದ್ದು ಏಳನೆಯದು.

"ಒಂದು ತಪ್ಪಾಗಿದೆಯಲ್ಲ" ಎಂದರು.

"ಏಳ್ನೇದು ಕಿಟ್ಕಿ ಪಕ್ಕ ಇತ್ತು. ಅಲ್ಲಿ ಗಾಳಿ ಹೊಗೇನ ಹೊರ್ಕ್ಕೆ ಎಳ್ಕಂಡೋಯ್ತದೆ. ಹೊಗೆ ತಾಗಿರೋದು ಅಂತ ಬರ್ದಿದ್ದು ನನ್ ತಪ್ಪು. ನಿಮ್ ಬೆಳ್ಕು ನನ್ಗಿಂತ ಚೆನಾಗಿ ನೋಡೈತೆ."

ಅವರು ಬಹಳ ಹೊತ್ತು ಹತ್ತೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಅಷ್ಟು ಹೊತ್ತು ನೋಡಿದ್ದಕ್ಕೆ ಅವರ ಮೇಲೆ ನನಗಿರುವ ಸಿಟ್ಟು ಒಂದಿಷ್ಟು ಕಮ್ಮಿ. ಲೇಖನ ವಾಪಸ್ ಕೇಳಿ ಆಗಲೇ ಪತ್ರ ಬರೆಯಿಸಿದರು. ಆಮೇಲೆ ಕನ್ನಡಕ ತೆಗೆದು, "ಸರಿ. ಈಗ ನಿಮ್ಮ ಸೊಸೆ ಕೈಯಲ್ಲಿ ಏನೂ ಉಳೀಲಿಲ್ಲ, ಗೊತ್ತಾಯ್ತಾ? ಮೊದಲಿಂದ ಶುರು ಮಾಡಬೇಕು. ಪೂರ್ತಿ ಒಂದು ವರ್ಷ, ಒಂದು ದಿನವೂ ಹೊಗೆ ತಾಗದ ಕಾಯಿ ಬೇಕು. ಅಂಥ ಅಟ್ಟ ಯಾರು ಕೊಡ್ತಾರೆ ಅಮ್ಮ, ನಿಮ್ಮ ಸೀಮೇಲಿ?"

"ನಾನು ಕೊಡ್ತೀನಿ. ನೀವು ಯಂತ್ರ ಕೊಡ್ರಿ."

ಕೊಟ್ಟರು. ಆ ಇಬ್ಬರು ಹುಡುಗಿಯರು ಬಾಗಿಲಲ್ಲೇ ನಿಂತಿದ್ದರು. ಅವರ ಮುಂದೆ ಕೊಡದೆ ಇರಲು ಮೇಷ್ಟರಿಗೆ ಮುಖವಿರಲಿಲ್ಲ.

ಆ ಕಾರ್ತಿಕದಲ್ಲಿ ಹೊಸದಾಗಿ ಕಿತ್ತ ಕಾಯಿಯನ್ನು ಎರಡು ಭಾಗ ಮಾಡಿ, ಅಟ್ಟದ ನಡುವೆ ನೆಲದಿಂದ ಸೂರಿನವರೆಗೆ ಗಾರೆ ಗೋಡೆ ಎತ್ತಿಸಿದೆ. ಒಂದು ಕಡೆ ಹೊಗೆ, ಒಂದು ಕಡೆ ಇಲ್ಲ. ಎರಡಕ್ಕೂ ಒಂದೊಂದು ಥರ್ಮಾಮೀಟರು. ಮಸಿ ಹಿಡಿದರೆ ಹಿಡಿಯಲಿ. ದಿನಕ್ಕೆ ಎರಡು ಸಲ ಏಣಿ ಹತ್ತಿದೆ, ಮಂಡಿ ನೋವೆಂದರೂ ಬಿಡಲಿಲ್ಲ. ಮುಂದಿನ ಆಷಾಢದಲ್ಲಿ ಮತ್ತೆ ಜಡಿ ಹಿಡಿದಾಗ ಬಸವರಾಜು ಬಂದು ಅಂಗಳದಲ್ಲಿ ನಿಂತ.

"ಅತ್ಗೆ, ಹಟ ಬುಡಿ. ಆ ಕಡೀಕೂ ಒಂದ್ ಬಾಂಡ್ಲಿ ಹೊಗೆ ಇಡಿ. ಕಾಯೆಲ್ಲಾ ಕೌಟಾಯ್ತವೆ. ಊರೋರು ನಗ್ತವ್ರೆ."

"ನಗೋರ್ನ ಕರ್ಕಂಬಾ, ಕಾಫಿ ಕೊಡ್ತೀನಿ. ಕುತ್ಕಂಡು ನಗ್ಲಿ."

"ಸೊಸೆ ಓದಿಗೋಸ್ಕರ ಕೊಬ್ರಿ ಕೊಳೆ ಹಾಕೋ ಅತ್ತೇನ ನಾನೆಲ್ಲೂ ಕಂಡಿಲ್ಲ."

"ಈಗ ಕಂಡ್ಯಲ್ಲ. ನೋಡ್ಕೋ."

ಹೊಗೆಯಿಲ್ಲದ ಕಡೆ ಮೂರರಲ್ಲಿ ಒಂದು ಪಾಲು ಕೌಟಾಯಿತು. ಕೊಳೆತ ವಾಸನೆ ನಡುಮನೆಗೂ ಬಂತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳು. ಕೌಟು ಕಾಯನ್ನು ತಿಪ್ಪೆಗೆ ಹೊತ್ತು ಹಾಕುವಾಗೆಲ್ಲ ನನ್ನನ್ನೂ, ಮೇಷ್ಟರನ್ನೂ, ಪ್ರೋಟೀನನ್ನೂ ಸೇರಿಸಿ ಬಯ್ಯುತ್ತಿದ್ದೆ. ಉಳಿದ ಕಾಯಿ ತಿಂಗಳಿಗೆ ಹತ್ತರಂತೆ ಬೆಂಗಳೂರಿಗೆ ಹೋಯಿತು. ಕೊನೆಗೆ ತಿಳಿದದ್ದು ಇಷ್ಟು: ಹೊಗೆ ತಾಗದ ಕಾಯಲ್ಲಿ, ನೀರು ಪೂರಾ ಇಂಗಿ ಕೊಬ್ಬರಿಯಾದರೂ, ಆ ನೆರಿಗೆ ಬಿಚ್ಚುವುದಿಲ್ಲ. ಹೊಗೆ ಇಟ್ಟರೆ ಎಷ್ಟನೇ ದಿನದಿಂದ, ಎಷ್ಟು ಕಾವಿಗೆ ಬಿಚ್ಚಲು ಶುರುವಾಗುತ್ತದೆ ಎನ್ನುವುದೂ ಗೊತ್ತಾಯಿತು. ದೊಡ್ಡ ಸಭೆಯಲ್ಲಿ ಹೇಳುವಂಥ ವಿಷಯವಲ್ಲ. "ಏನೂ ಆಗಲ್ಲ ಅಂತ ಕಂಡ್ಹಿಡಿಯಾಕೆ ಇಷ್ಟ್ ವರ್ಷಾನಾ?" ಎಂದು ಬಸವರಾಜು ಕೇಳಿದ. "ಹೂಂ ಕಣಪ್ಪ. ಆಯ್ತದೆ ಅಂತ ಸುಳ್ಳು ಹೇಳಾಕೆ ಒಂದೇ ತಿಂಗ್ಳು ಸಾಕಾಗಿತ್ತು" ಎಂದೆ.

ಇವತ್ತು ವಿಮಲಾಳಿಗೆ ಅವಳದೇ ಲ್ಯಾಬು ಇದೆ. ತೆಂಗು ಬಿಟ್ಟು ಹಾಲು, ರಾಗಿ, ರಕ್ತ ಎಂದು ಏನೇನೋ ಪ್ರೋಟೀನುಗಳ ನೆರಿಗೆ ನೋಡಿದ್ದಾಳೆ, ದೇಶ ಸುತ್ತಿದ್ದಾಳೆ. ಅವಳ ಹತ್ತಿರ ಹೊಸದಾಗಿ ಸೇರುವವರು ಮಾದರಿ ಎಲ್ಲಿಂದ ಬರುತ್ತದೋ ಆ ಊರಿಗೆ ಹೋಗಿ ಒಂದು ವಾರ ಇದ್ದು ಬರಬೇಕೆಂಬ ಕಟ್ಟುಪಾಡಿದೆ. ಕೆಲವರು ಗೊಣಗುತ್ತಾರಂತೆ. ಗೊಣಗಲಿ.

ಇದಕ್ಕೆಲ್ಲ ಮುಂಚೆ, ಅವಳ ಡಾಕ್ಟರೇಟಿನ ಪ್ರಬಂಧ ಅಚ್ಚಿಗೆ ಹೋಗುವಾಗ ಇನ್ನೊಂದು ಜಗಳವಾಗಿತ್ತು. ಮೊದಲ ವರ್ಷದ ನೋಟುಪುಸ್ತಕದ ಆ ಇಪ್ಪತ್ತು ದಿನಗಳ ಪುಟವನ್ನು, ನನ್ನ ಕೈಬರಹ ಇದ್ದ ಹಾಗೇ, ಕೊನೆಯಲ್ಲಿ ಸೇರಿಸಬೇಕೆಂದು ಅವಳಿಗೆ. ಈ ಅಂಕಿಗಳು ಅಟ್ಟದವಲ್ಲ, ನಡುಮನೆಯವು ಎಂದು ಕೆಳಗೆ ಬರೆಯಬೇಕೆಂದು. ಮೇಷ್ಟರು, ಮುಗಿದುಹೋದ ತಪ್ಪು, ಅದನ್ನೇಕೆ ಮೆರೆಸುತ್ತೀಯ ಎಂದರಂತೆ. ಬಸವರಾಜು ಮನೆತನದ ಮಾನ ಎಂದ. ಅವಳು ನನ್ನ ಮುಂದೆ ಬಂದು ನಿಂತಳು.

"ಅತ್ತೆ, ಹಾಕ್ಲಾ? ನಿಮ್ಮ ಹೆಸರು ಬಿಡ್ತೀನಿ. ಮನೆಯವರು ಬರೆದದ್ದು ಅಂತ ಹಾಕ್ತೀನಿ."

"ಮನೆಯೋರು ಅಂದ್ರೆ ಯಾರು? ನಿನ್ ಗಂಡ ಬರೆದ್ನಾ? ಬಸ್ವರಾಜು ಬರೆದ್ನಾ? ನಾನು ಬರ್ದಿದ್ದು. ಪುಟ್ಟಗೌರಮ್ಮ ಅಂತ ಪೂರ್ತಿ ಹಾಕು."

ಹಾಕಿದಳು. ಅವಳ ಕೊನೆಯ ಪರೀಕ್ಷೆಯ ದಿನ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಕನ್ನಡ ಬಾರದವರು. ಪುಟ ತಿರುಗಿಸುತ್ತಾ ಆ ಪುಟಕ್ಕೆ ಬಂದು ನಿಂತರು. ಇದನ್ನು ಬರೆದವರು ಯಾರು ಎಂದು ಕೇಳಿದರಂತೆ. ವಿಮಲಾ ನನ್ನ ಕಡೆ ಕೈ ತೋರಿಸಿದಳು. ಸಭೆಯೆಲ್ಲ ತಿರುಗಿ ನೋಡಿತು. ನಾನು ತಲೆ ತಗ್ಗಿಸಲಿಲ್ಲ. ಅವರು ಏನೋ ಕೇಳಿದರು, ವಿಮಲಾ ಕನ್ನಡದಲ್ಲಿ ಹೇಳಿದಳು: "ಇನ್ನೊಂದು ಸಲ ಅಂಥ ಮಳೆ ಬಂದ್ರೆ ನೀವು ಮತ್ತೆ ಹೊಗೆ ಹಾಕ್ತೀರಾ ಅಂತ ಕೇಳ್ತಿದಾರೆ ಅತ್ತೆ."

ಎದ್ದು ನಿಂತೆ. "ಮಾರೋ ಕಾಯ್ಗೆ ಹಾಕ್ತೀನಿ. ಇವ್ಳ ಕಾಯ್ಗೆ ಹಾಕಲ್ಲ. ಹಾಕಿದ್ರೂ, ಹಾಕ್ದೆ ಇದ್ರೂ, ಥರ್ಮಾಮೀಟ್ರು ಎಲ್ಲೈತೆ ಅಂತ ಬರೀತೀನಿ."

ಅವಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಸಭೆಯಲ್ಲಿ ಕೆಲವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಆ ಮುದುಕರು ನಗಲಿಲ್ಲ. ಪೆನ್ನು ತೆಗೆದು ಬರೆದುಕೊಂಡರು.